ಮುಟ್ಟಿನ ಬೇನೆಗೂ ಮದ್ದುಂಟು

(ಪುಣೆಯಲ್ಲಿ ಕನ್ನಡ ಕಾರ್ಮಿಕ ಕುಟುಂಬಗಳ ಸಭೆಯಲ್ಲಿ ಮಾಡಿದ ಭಾಷಣ)



ಪಗಾರ, ಬೋನಸ್ಸು, ರಜೆ ಇವುಗಳ ಮಾತನ್ನು ನಾವು ಬೇಕಾದಷ್ಟು ಆಡಿದ್ದೇವೆ. ಇಂದಿನ ಮಾತು ಹೆಂಗಸರ ಮುಟ್ಟಿನ ಬೇನೆಯದು. ಗಂಡಸರು ಎದ್ದು ಹೋಗಬೇಕಾಗಿಲ್ಲ. ಅವರೂ ಕೇಳಲೆಂದೇ ಇದನ್ನು ತುಂಬಿದ ಸಭೆಯಲ್ಲಿ ಎತ್ತಿದ್ದೇವೆ.

ಈ ಊರಿನ ಮರಾಠಿಯಲ್ಲಿ ಮುಟ್ಟಿಗೆ ‘ಪಾಳಿ’ ಎನ್ನುತ್ತಾರೆ. ನಮಗೆ ಪಾಳಿಯೆಂದರೆ ಕಾರಖಾನೆಯ ಹಗಲು ಪಾಳಿ, ರಾತ್ರಿ ಪಾಳಿ. ಊರಿನಿಂದ ಹೊಸದಾಗಿ ಬಂದ ಹೆಣ್ಣುಮಗಳನ್ನು ಡಾಕ್ಟರರು “ಪಾಳಿ ಕಧೀ ಆಲೀ?” ಎಂದು ಕೇಳಿದರೆ ಆಕೆ ಗಂಡನ ಡ್ಯೂಟಿಯ ವೇಳೆಯನ್ನು ಹೇಳಿದರೂ ಹೇಳಬಹುದು. ಇನ್ನೊಂದು ಮಾತು ‘ಪಿಶವಿ’. ಅಂದರೆ ಚೀಲ, ಆಸ್ಪತ್ರೆಯಲ್ಲಿ ಅದರ ಅರ್ಥ ಗರ್ಭಕೋಶ. “ಪಿಶವೀ ಕಾಢಾವೀ ಲಾಗೇಲ್” ಎಂದರೆ ಗರ್ಭಕೋಶವನ್ನು ತೆಗೆಯಬೇಕಾದೀತು ಎಂದರ್ಥ. ಈ ಮಾತಿಗೆ ತಿಳಿಯದೆ ತಲೆಯಾಡಿಸಿ ಬರಬಾರದು. ಏಕೆ ಬಾರದೆಂಬುದನ್ನೇ ಇಂದು ಹೇಳಬೇಕಾಗಿದೆ.

ಮೊದಲು ತಿಂಗಳ ಬೇನೆ. ಮುಟ್ಟಾಗುವ ಮುಂಚಿನ ವಾರ ಹತ್ತು ದಿನ ಕೆಲವರಿಗೆ ಮೊಲೆ ಬಿಗಿದು ನೋಯುತ್ತದೆ, ಹೊಟ್ಟೆ ಉಬ್ಬುತ್ತದೆ, ತಲೆ ಸಿಡಿಯುತ್ತದೆ, ನಿದ್ದೆ ಹತ್ತುವುದಿಲ್ಲ. ಕಾರಣವಿಲ್ಲದೆ ಸಿಟ್ಟು, ಕಾರಣವಿಲ್ಲದೆ ಅಳು. ಮುಟ್ಟು ಕಾಣಿಸಿಕೊಂಡ ಕೆಲವೇ ದಿನಗಳಲ್ಲಿ ಎಲ್ಲವೂ ಇಳಿಯುತ್ತದೆ. ಮನೆಯವರು ಇದನ್ನು ಬಾಯಿ ಜೋರು ಎನ್ನುತ್ತಾರೆ. ಅದು ಹಾಗಲ್ಲ. ಅಂಡಾಶಯದಿಂದ ಹೊರಡುವ ಹಾರ್ಮೋನುಗಳು ತಿಂಗಳ ಉತ್ತರಾರ್ಧದಲ್ಲಿ ಏರಿ ಇಳಿಯುತ್ತವೆ; ಕೆಲವರ ದೇಹ ಮನಸ್ಸುಗಳು ಆ ಏರಿಳಿತವನ್ನು ತಾಳಿಕೊಳ್ಳಲಾರವು.

ಇದಕ್ಕೆ ಮೊದಲ ಉಪಾಯ ಗೋಡೆಯ ಕ್ಯಾಲೆಂಡರು. ಎರಡು ಮೂರು ತಿಂಗಳು ಬೇನೆಯ ದಿನಗಳಿಗೂ ಮುಟ್ಟಿನ ದಿನಗಳಿಗೂ ಗುರುತು ಹಾಕಿ ಡಾಕ್ಟರರಿಗೆ ತೋರಿಸಿರಿ. ದಿನವೂ ಸ್ವಲ್ಪ ನಡೆದಾಡುವುದು, ನಿದ್ದೆ, ಉಪ್ಪು ಚಹಾಗಳಲ್ಲಿ ಮಿತಿ, ಇಷ್ಟರಿಂದಲೇ ಕೆಲವರಿಗೆ ಹಗುರಾಗುತ್ತದೆ. ಕೆಲವರಿಗೆ ಕ್ಯಾಲ್ಸಿಯಂ ಗುಳಿಗೆ ನೆರವಾಗುತ್ತದೆ. ಸಾಲದಿದ್ದರೆ ಗರ್ಭನಿರೋಧಕ ಗುಳಿಗೆಯುಂಟು. ಸಿಟ್ಟು ದುಃಖಗಳು ಮಿತಿಮೀರಿದರೆ ಖಿನ್ನತೆಗೆ ಕೊಡುವ ಕೆಲವು ಗುಳಿಗೆಗಳುಂಟು. ಅವನ್ನು ಮುಟ್ಟಿಗೆ ಮುಂಚಿನ ಎರಡು ವಾರ ಮಾತ್ರ ತೆಗೆದುಕೊಂಡರೂ ಹಲವರಿಗೆ ಸಾಕಾಗುತ್ತದೆ. ಆ ಗುಳಿಗೆ ಬರೆದುಕೊಟ್ಟರೆಂದರೆ ಆಕೆಗೆ ಹುಚ್ಚು ಎಂದರ್ಥವಲ್ಲ.

ಇನ್ನು ಮುಟ್ಟು ನಿಲ್ಲುವ ಕಾಲ. ಹನ್ನೆರಡು ತಿಂಗಳು ಸತತವಾಗಿ ಮುಟ್ಟು ಕಾಣದಿದ್ದರೆ ನಿಂತಿತೆಂದು ಲೆಕ್ಕ. ನಮ್ಮ ದೇಶದಲ್ಲಿ ಇದು ಸರಾಸರಿ 46-47ನೆಯ ವಯಸ್ಸಿಗೆ ಬರುತ್ತದೆ. ಪಶ್ಚಿಮದ ದೇಶಗಳಲ್ಲಿ 51ರ ಸುಮಾರಿಗೆ. ನಿಲ್ಲುವ ಮೊದಲು ಕೆಲವು ವರ್ಷ ಮುಟ್ಟು ಹಿಂದುಮುಂದಾಗುತ್ತದೆ. ಇದ್ದಕ್ಕಿದ್ದಂತೆ ಎದೆ ಮುಖಗಳಿಗೆ ಕಾವೇರಿ ಬೆವರು ಸುರಿಯುತ್ತದೆ. ಹೋಟೆಲಿನ ದೋಸೆಯ ಕಾವಲಿಯ ಮುಂದೆ ನಿಂತವಳ ಪಾಡನ್ನು ನೀವೇ ಊಹಿಸಿಕೊಳ್ಳಿರಿ! ರಾತ್ರಿ ಬೆವರಿ ಎಚ್ಚರ, ಮರುದಿನ ಮರೆವು, ಕೀಲುನೋವು, ಮೂತ್ರದ ಉರಿ. ಒಳಗೆ ಎಲುಬು ಸವೆಯುವುದಂತೂ ಕಣ್ಣಿಗೆ ಕಾಣುವುದೇ ಇಲ್ಲ.

ಈ ಕಾವಿಗೆ ಎಲ್ಲಕ್ಕಿಂತ ಚೆನ್ನಾಗಿ ನಾಟುವ ಔಷಧವೆಂದರೆ, ದೇಹದಲ್ಲಿ ಕಡಿಮೆಯಾದ ಈಸ್ಟ್ರೋಜನ್ನನ್ನೇ ಹೊರಗಿನಿಂದ ಕೊಡುವುದು. ಗರ್ಭಕೋಶ ಇರುವವರಿಗೆ ಅದರ ಜೊತೆಗೆ ಪ್ರೊಜೆಸ್ಟರೋನ್ ಜಾತಿಯ ಔಷಧವೂ ಬೇಕು. ಇಲ್ಲದಿದ್ದರೆ ಗರ್ಭಕೋಶದ ಒಳಪದರಿನ ಕ್ಯಾನ್ಸರಿನ ಭಯವುಂಟು. 2002ರಲ್ಲಿ ಅಮೆರಿಕದ ಒಂದು ದೊಡ್ಡ ಪರೀಕ್ಷೆಯಿಂದ, ಈ ಔಷಧದಿಂದ ಸ್ತನದ ಕ್ಯಾನ್ಸರು, ಹೃದಯದ ಬೇನೆ ಹೆಚ್ಚುವುವೆಂಬ ಸುದ್ದಿ ಹಬ್ಬಿ ಲೋಕವೆಲ್ಲ ಹೆದರಿತು. ಆಮೇಲೆ ವಯಸ್ಸಿಗೆ ತಕ್ಕಂತೆ ಲೆಕ್ಕವನ್ನು ಬಿಡಿಸಿ ನೋಡಿದರು. 60 ದಾಟದವರಿಗೆ, ಅಥವಾ ಮುಟ್ಟು ನಿಂತು ಹತ್ತು ವರ್ಷವಾಗದವರಿಗೆ, ಬೇರೆ ರೋಗವಿಲ್ಲದಿದ್ದರೆ ಸಾಮಾನ್ಯವಾಗಿ ಅಪಾಯಕ್ಕಿಂತ ಲಾಭವೇ ಹೆಚ್ಚೆಂದು ಈಗ ತಿಳಿದಿದೆ. ಸ್ತನದ ಕ್ಯಾನ್ಸರು ಆದವರಿಗೆ, ರಕ್ತ ಹೆಪ್ಪುಗಟ್ಟಿದವರಿಗೆ, ಯಕೃತ್ತು ಕೆಟ್ಟವರಿಗೆ ಇದು ಸಲ್ಲದು. ಅವರಿಗೆ ಹಾರ್ಮೋನಿಲ್ಲದ ಬೇರೆ ಗುಳಿಗೆಗಳುಂಟು. ನಾವು ವೈದ್ಯರಲ್ಲ. ಔಷಧವನ್ನು ಆರಿಸುವುದು ಡಾಕ್ಟರರ ಕೆಲಸ. ಔಷಧವುಂಟೆಂದು ತಿಳಿದು ಕೇಳುವುದು ನಮ್ಮ ಕೆಲಸ.

ಕೇಳದಿದ್ದರೆ ಏನಾಗುತ್ತದೆಂಬುದಕ್ಕೆ ದೂರ ಹೋಗಬೇಕಾಗಿಲ್ಲ. ಇದೇ ಮಹಾರಾಷ್ಟ್ರದ ಬೀಡ ಜಿಲ್ಲೆಯಿಂದ ಪ್ರತಿ ವರ್ಷ ಲಕ್ಷಗಟ್ಟಲೆ ಜನ ಕಬ್ಬು ಕಡಿಯಲು ಪುಣೆಯ ಕಡೆಗೂ ನಮ್ಮ ಕರ್ನಾಟಕಕ್ಕೂ ಹೋಗುತ್ತಾರೆ. ಗಂಡಹೆಂಡಿರ ಜೋಡಿಗೆ ಒಂದು ‘ಕೋಯ್ತಾ’ ಎಂದು ಲೆಕ್ಕ. ಕೋಯ್ತಾ ಎಂದರೆ ಕಬ್ಬು ಕಡಿಯುವ ಕತ್ತಿ. ಒಬ್ಬರು ಒಂದು ದಿನ ತಪ್ಪಿದರೂ ಮುಕಾದಮನು ದಂಡ ಹಿಡಿಯುತ್ತಾನೆ. ಮುಟ್ಟಿನ ನೋವೆಂದು ಕೂತರೆ ದಂಡ. ಹೊಲದಲ್ಲಿ ನೀರಿಲ್ಲ, ಮರೆಯಿಲ್ಲ. ಹೊಟ್ಟೆನೋವು, ಬಿಳಿಸೆರಗು ಎಂದು ಹೋದವರಿಗೆ ‘ಪಿಶವಿ’ ತೆಗೆಸಲು ಹೇಳಿದರು. ಸಾಲ ಮಾಡಿ ತೆಗೆಸಿದರು. 2019ರಲ್ಲಿ ಸರ್ಕಾರದ ಸಮಿತಿಯ ಮುಂದೆ ಬಂದ ಲೆಕ್ಕದ ಪ್ರಕಾರ, ವಿಚಾರಿಸಿದ ಸುಮಾರು 82 ಸಾವಿರ ಹೆಂಗಸರಲ್ಲಿ 13 ಸಾವಿರಕ್ಕೂ ಹೆಚ್ಚು ಮಂದಿಗೆ ಗರ್ಭಕೋಶವಿರಲಿಲ್ಲ. ನಮ್ಮ ಹಾವೇರಿ ಜಿಲ್ಲೆಯ ರಾಣೆಬೆನ್ನೂರಿನ ಸುತ್ತಿನ ಲಂಬಾಣಿ ತಾಂಡಾಗಳ ಹೆಂಗಸರೂ ಇದೇ ಅನ್ಯಾಯಕ್ಕಾಗಿ ಬೀದಿಗಿಳಿದು ಹೋರಾಡಿದ್ದಾರೆ.

ತೆಗೆಸಿದರೆ ಬೇನೆ ಮುಗಿಯುವುದೇ? ಜೊತೆಗೆ ಅಂಡಾಶಯವನ್ನೂ ತೆಗೆದರೆ, ಮೂವತ್ತರ ಹೆಂಗಸಿಗೆ ಒಮ್ಮೆಲೆ ಐವತ್ತರ ಬೇನೆ! ಕಾವು, ಎಲುಬಿನ ಸವೆತ, ಹೃದಯದ ಬೇನೆಯ ಭಯ ಎಲ್ಲವೂ ಬೇಗ ಬರುತ್ತವೆ. ಅಂಡಾಶಯವನ್ನು ಉಳಿಸಿದರೂ ಅದು ಕೆಲವು ವರ್ಷ ಮುಂಚೆಯೇ ಸೋಲಬಹುದು. ಕ್ಯಾನ್ಸರಿನಂತಹ ಕಾರಣವಿದ್ದರೆ ಶಸ್ತ್ರಕ್ರಿಯೆ ಜೀವ ಉಳಿಸುತ್ತದೆ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ರಜೆ ಸಿಗದೆಂದು, ಬಿಳಿಸೆರಗೆಂದು ತೆಗೆಸುವುದು ಅನ್ಯಾಯ. 2023ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟು, ಅನಾವಶ್ಯಕವಾಗಿ ಗರ್ಭಕೋಶ ತೆಗೆಯುವುದನ್ನು ತಡೆಯುವ ಕೇಂದ್ರ ಸರ್ಕಾರದ ಸೂಚನೆಗಳನ್ನು ಎಲ್ಲ ರಾಜ್ಯಗಳೂ ಜಾರಿಗೆ ತರಬೇಕೆಂದು ಆಜ್ಞೆ ಮಾಡಿತು.

ಆದ್ದರಿಂದ ‘ಪಿಶವಿ’ಯ ಮಾತು ಬಂದರೆ ಮೂರು ಪ್ರಶ್ನೆ ಕೇಳಿರಿ. ರೋಗದ ಹೆಸರೇನು? ಗುಳಿಗೆಯಿಂದ, ಅಥವಾ ಗರ್ಭಕೋಶದೊಳಗೆ ಇಡುವ ಹಾರ್ಮೋನಿನ ಸಾಧನದಿಂದ ವಾಸಿಯಾಗದೇ? ಅಂಡಾಶಯವನ್ನು ಉಳಿಸುವಿರಾ? ಬರೆಸಿಕೊಂಡು ಇನ್ನೊಬ್ಬ ಡಾಕ್ಟರರಿಗೆ ತೋರಿಸಿರಿ. ಸ್ಟೇಶನ್ ಹತ್ತಿರ ಸಸೂನ್ ಆಸ್ಪತ್ರೆಯಿದೆ. ಬಿಬವೇವಾಡಿಯಲ್ಲೂ ಚಿಂಚವಡದಲ್ಲೂ ಈ.ಎಸ್.ಐ. ಆಸ್ಪತ್ರೆಗಳಿವೆ. ಗಂಡನ ಈ.ಎಸ್.ಐ. ಚೀಟಿಯಲ್ಲಿ ಹೆಂಡತಿಗೂ ಚಿಕಿತ್ಸೆಯುಂಟು. ಆಕೆಯ ಹೆಸರನ್ನು ಬರೆಸಿದ್ದೀರೋ ಇಲ್ಲವೋ, ಇಂದೇ ಮನೆಗೆ ಹೋಗಿ ನೋಡಿರಿ. ಮರಾಠಿ ಬಾರದವಳ ಜೊತೆಗೆ ಬಲ್ಲ ಹೆಂಗಸೊಬ್ಬಳು ಹೋಗಲಿ.

ಎರಡು ಸಂಗತಿಗಳಲ್ಲಿ ಮಾತ್ರ ತಡ ಮಾಡಬೇಡಿರಿ. ಮುಟ್ಟು ನಿಂತು ವರ್ಷವಾದ ಮೇಲೆ ಒಂದು ಹನಿ ರಕ್ತ ಕಂಡರೂ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಅದು ಕ್ಯಾನ್ಸರಿನ ಮುನ್ಸೂಚನೆ ಇರಬಹುದು. ನಲವತ್ತಕ್ಕೆ ಮೊದಲೇ ಮುಟ್ಟು ನಿಂತರೂ ತೋರಿಸಬೇಕು.

ಗಂಡಸರಿಗೆ ಒಂದು ಮಾತು. ಪಾಳಿ ಮುಗಿಸಿ ಬಂದು ನೀವು ಮೈ ಚಾಚುತ್ತೀರಿ. ಆಕೆಯ ಪಾಳಿ ಮುಗಿಯುವುದಿಲ್ಲ. ಆ ದಿನಗಳಲ್ಲಿ ಒಂದು ಕೊಡ ನೀರು ನೀವು ತಂದರೆ ಮಾನ ಹೋಗದು. ಸಂಘಕ್ಕೂ ಒಂದು ಮಾತು. ಕರ್ನಾಟಕ ಸರ್ಕಾರ 2025ರಲ್ಲಿ ದುಡಿಯುವ ಹೆಂಗಸರಿಗೆ ತಿಂಗಳಿಗೊಂದು ದಿನ ಪಗಾರದ ಮುಟ್ಟಿನ ರಜೆಯ ಆದೇಶ ಹೊರಡಿಸಿತು. ಅದು ಈ ರಾಜ್ಯಕ್ಕೆ ಅನ್ವಯಿಸದು. ಆದರೆ ಕಬ್ಬಿನ ಹೊಲಗಳಲ್ಲಿ ಒಂದು ದಿನದ ವಿಶ್ರಾಂತಿ ಇಲ್ಲದ್ದಕ್ಕೇ ಬೀಡದ ಹೆಂಗಸರು ಕತ್ತರಿಗೆ ಒಡ್ಡಿಕೊಂಡರು. ನಮ್ಮ ಹೋಟೆಲುಗಳಲ್ಲಿ, ಕಾರಖಾನೆಗಳಲ್ಲಿ ಹೆಂಗಸರಿಗೆ ಪಾಯಖಾನೆ, ನೀರು, ಫ್ಯಾನು, ಕೂರಲು ಒಂದು ಮೂಲೆ ಇವನ್ನಾದರೂ ಮಾಲೀಕರಿಂದ ಕೇಳಿ ಪಡೆಯೋಣ. ಬೋನಸ್ಸಿಗಾಗಿ ಒಗ್ಗಟ್ಟಾದ ನಾವು ಇದಕ್ಕೂ ಒಗ್ಗಟ್ಟಾಗಬಲ್ಲೆವು.