ರವದಿಗೆ ಬೆಂಕಿ ಬೇಡ



ಕಬ್ಬು ಕಟಾವಾದ ಮೇಲೆ ರಬಕವಿ, ಜಮಖಂಡಿ, ಮುಧೋಳ ಭಾಗದ ಎಷ್ಟೋ ಹೊಲಗಳಲ್ಲಿ ರವದಿಗೆ ಬೆಂಕಿ ಹಚ್ಚುವ ರೂಢಿಯಿದೆ. ಹೊಲವೇನೋ ಬೇಗ ತೆರವಾಗುವದು. ಆದರೆ ಆ ಹೊಗೆ ಎಲ್ಲಿಗೆ ಹೋಗುವದೆಂದು ವಿಚಾರಿಸಿದ್ದೀರಾ?

ಚಳಿಗಾಲದ ರಾತ್ರಿ ನೆಲದ ಹತ್ತಿರದ ಗಾಳಿ ತಣ್ಣಗಾಗಿ ಮೇಲೇಳುವದಿಲ್ಲ. ಹೊಗೆಯೂ ಅದರೊಡನೆ ಊರ ಮೇಲೆಯೇ ನಿಲ್ಲುವದು. ಅದರೊಳಗಿನ ಅತಿ ಸಣ್ಣ ಕಣಗಳು ಕೂದಲೆಳೆಯ ದಪ್ಪದ 20ನೆಯ ಒಂದು ಪಾಲಿಗಿಂತಲೂ ಚಿಕ್ಕವು. ಅವು ಮೂಗಿನಲ್ಲಿ ನಿಲ್ಲದೆ ಶ್ವಾಸಕೋಶದ ತಳಕ್ಕೆ ಇಳಿಯುವವು. ಕೂಸುಗಳಿಗೆ ಕೆಮ್ಮು, ಮುದುಕರಿಗೆ ಉಬ್ಬಸ, ಹೃದಯಕ್ಕೂ ಅಪಾಯ.

ನಷ್ಟ ಹೊಲಕ್ಕೂ ಇದೆ. ಎಕರೆಗೆ ಸುಮಾರು 3-4 ಟನ್ ರವದಿ ಬೀಳುತ್ತದೆ. ಸುಟ್ಟರೆ ಅದರೊಳಗಿನ ಸಾರಜನಕದ ಹೆಚ್ಚಿನ ಭಾಗ ಗಾಳಿಪಾಲು. ಅದನ್ನೇ ಮತ್ತೆ ಯೂರಿಯಾ ಚೀಲದಲ್ಲಿ ದುಡ್ಡು ಕೊಟ್ಟು ತರುವಿರಿ!

ಅದರ ಬದಲು ರವದಿಯನ್ನು ಸಾಲು ಬಿಟ್ಟು ಸಾಲಿಗೆ ಹರವಿರಿ. ಮೇಲೆ ಸಗಣಿ ರಾಡಿ, ಸ್ವಲ್ಪ ಯೂರಿಯಾ ಹಾಕಿ ನೀರು ಬಿಡಿರಿ. ಕೆಲವು ತಿಂಗಳಲ್ಲಿ ಕೊಳೆತು ಗೊಬ್ಬರವಾಗುವದು. ಅಲ್ಲಿಯವರೆಗೆ ಕೂಳೆ ಕಬ್ಬಿಗೆ ಹಸಿ ಕಾಯುವದು, ಕಸವನ್ನೂ ಅಡಗಿಸುವದು.

ಈ ಹಂಗಾಮಿನಲ್ಲಿ ಒಂದೇ ಎಕರೆಯನ್ನಾದರೂ ಸುಡದೆ ಬಿಟ್ಟು, ಸುಟ್ಟ ಹೊಲದೊಡನೆ ಹೋಲಿಸಿ ನೋಡಿರಿ. ತೀರ್ಪನ್ನು ನಿಮ್ಮ ಹೊಲವೇ ಹೇಳುವದು.