ಬಾಹ್ಯಾಕಾಶ, ಭೂವಿಜ್ಞಾನ ಸಂಶೋಧನೆ: ಸರ್ಕಾರದ ಹಣ ನಮ್ಮ ಮಕ್ಕಳಿಗೆ ತಲುಪಬೇಕಾದರೆ

(ವಿದ್ಯಾರ್ಥಿವೇತನ ವಿತರಣಾ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)

 



2023ರ ಸೆಪ್ಟೆಂಬರ್‌ನಲ್ಲಿ ಆದಿತ್ಯ-ಎಲ್1 ನೌಕೆ ಹಾರಿದಾಗ ಅದರ ಯೋಜನಾ ನಿರ್ದೇಶಕಿ ನಿಗಾರ್ ಶಾಜಿ ಅವರ ಫೋಟೊವನ್ನು ನಾವೆಲ್ಲ ವಾಟ್ಸಾಪ್‌ನಲ್ಲಿ ಹಂಚಿದ್ದೇ ಹಂಚಿದ್ದು. ತಮಿಳುನಾಡಿನ ಸೆಂಗೋಟ್ಟೈ ಊರಿನ ರೈತರ ಮಗಳು, ಸರ್ಕಾರಿ ಶಾಲೆಯಲ್ಲಿ ಓದಿದವರು. ಹೆಮ್ಮೆಪಟ್ಟೆವು, ಸರಿ. ಆದರೆ ಅಂಥ ವಿಜ್ಞಾನಕ್ಕೆ ದಾರಿ ಯಾವುದು, ದುಡ್ಡು ಯಾರು ಕೊಡುತ್ತಾರೆ ಎಂದು ಕೇಳಿದವರು ಕಡಿಮೆ. ಇವತ್ತು ಅದನ್ನೇ ಮಾತಾಡೋಣ.

"ಮೇಷ್ಟ್ರೇ, ಮಗಳಿಗೆ ಇಸ್ರೋದಿಂದ ಗ್ರಾಂಟ್ ಕೊಡಿಸಿ" ಎಂದು ಒಬ್ಬ ತಂದೆ ನಮ್ಮ ಕಚೇರಿಗೆ ಬಂದಿದ್ದರು. ಸಂಶೋಧನಾ ಅನುದಾನ ವಿದ್ಯಾರ್ಥಿಯ ಕೈಗೆ ಬರುವುದಿಲ್ಲ. ಇಸ್ರೋದ ರೆಸ್ಪಾಂಡ್ ಯೋಜನೆಯಿರಲಿ, ಕೇಂದ್ರದ ಭೂವಿಜ್ಞಾನ ಸಚಿವಾಲಯದ ನೆರವಿರಲಿ, ಮಾನ್ಯತೆ ಪಡೆದ ಸಂಸ್ಥೆಯ ಅಧ್ಯಾಪಕರು ಪ್ರಸ್ತಾವ ಬರೆಯಬೇಕು, ಸಂಸ್ಥೆಯ ಮುಖ್ಯಸ್ಥರು ಸಹಿ ಹಾಕಬೇಕು, ಹಣ ಸಂಸ್ಥೆಯ ಖಾತೆಗೆ ಬರಬೇಕು. ಆದರೆ ಆ ಪ್ರಸ್ತಾವದೊಳಗೆ ಕಿರಿಯ ಸಂಶೋಧಕರಿಗೆ ಒಂದು ಜಾಗ ಇರುತ್ತದೆ, ಅದನ್ನು ಜೆಆರ್‌ಎಫ್ ಎನ್ನುತ್ತಾರೆ. ನಮ್ಮ ಮಕ್ಕಳು ಹುಡುಕಬೇಕಾದ್ದು ಆ ಜಾಗವನ್ನು. 2023ರ ಜನವರಿಯಿಂದ ಜಾರಿಗೆ ಬಂದ ಕೇಂದ್ರದ ದರದಂತೆ ಅದಕ್ಕೆ ತಿಂಗಳಿಗೆ 37,000 ರೂಪಾಯಿ, ಮನೆ ಬಾಡಿಗೆ ಭತ್ಯೆ ಬೇರೆ. ಎಂ.ಎಸ್ಸಿ. ಮುಗಿಸಿದರೆ ಸಾಲದು, ನೆಟ್ ಅಥವಾ ಗೇಟ್ ಕೂಡ ಪಾಸಾಗಿರಬೇಕು. ಆದ್ದರಿಂದ ಎಂ.ಎಸ್ಸಿ. ಮೊದಲ ವರ್ಷದಲ್ಲೇ ಆ ತಯಾರಿ ಶುರುವಾಗಲಿ.

ಇದಕ್ಕೆಲ್ಲ ಬೆಂಗಳೂರಿಗೇ ಹೋಗಬೇಕೆಂದಿಲ್ಲ. ಕುವೆಂಪು ವಿಶ್ವವಿದ್ಯಾಲಯ ಇರುವ ಶಂಕರಘಟ್ಟ ಭದ್ರಾವತಿ ತಾಲ್ಲೂಕಿನಲ್ಲೇ ಇದೆ, ಅಲ್ಲಿ ಅನ್ವಯಿಕ ಭೂವಿಜ್ಞಾನ ವಿಭಾಗವೂ ಇದೆ. ಪ್ರಶ್ನೆಗಳೂ ನಮ್ಮ ಕಾಲಡಿಯಲ್ಲೇ ಇವೆ. ಭದ್ರಾವತಿ ಕಾರ್ಖಾನೆಗೆ ಕೆಮ್ಮಣ್ಣುಗುಂಡಿಯಿಂದ ಅದಿರು ಬರುತ್ತಿತ್ತು. ಇಲ್ಲಿ ಕೂತಿರುವ ಎಷ್ಟೋ ಮಕ್ಕಳ ಅಜ್ಜಂದಿರು ಅದನ್ನು ಕರಗಿಸಿ ಸಂಸಾರ ಸಾಕಿದವರು. ಆ ಬಾಬಾಬುಡನ್ ಬೆಟ್ಟದ ಕಬ್ಬಿಣದ ಪದರಗಳಿಗೆ 250 ಕೋಟಿ ವರ್ಷಕ್ಕೂ ಹೆಚ್ಚು ವಯಸ್ಸು. ಆಗಿನ ಗಾಳಿಯಲ್ಲಿ ಇವತ್ತಿನಷ್ಟು ಆಮ್ಲಜನಕ ಇರಲಿಲ್ಲ. 2019ರ ಆಗಸ್ಟ್‌ನಲ್ಲಿ ತುಂಗೆ ಶಿವಮೊಗ್ಗದ ತಗ್ಗು ಬಡಾವಣೆಗಳಿಗೆ ನುಗ್ಗಿದ್ದನ್ನು ಯಾರೂ ಮರೆತಿಲ್ಲ. ಮೇಲೆ ಎಷ್ಟು ಮಳೆ ಬಿದ್ದರೆ ಇಲ್ಲಿ ಯಾವ ಬೀದಿಗೆ ನೀರು ಬರುತ್ತದೆ ಎಂದು ಉಪಗ್ರಹ ಚಿತ್ರ ಇಟ್ಟುಕೊಂಡು ಲೆಕ್ಕ ಹಾಕುವುದೂ ಸಂಶೋಧನೆಯೇ. ಇಸ್ರೋದ ಭುವನ್ ತಾಣದ ನಕ್ಷೆಗಳನ್ನು ಯಾರು ಬೇಕಾದರೂ ನೋಡಬಹುದು. ಡೆಹ್ರಾಡೂನ್‌ನಲ್ಲಿರುವ ಇಸ್ರೋದ ರಿಮೋಟ್ ಸೆನ್ಸಿಂಗ್ ಸಂಸ್ಥೆ ಉಚಿತ ಆನ್‌ಲೈನ್ ಪಾಠಗಳನ್ನೂ ನಡೆಸುತ್ತದೆ.

ಈಗ ನಮ್ಮದೇ ತಪ್ಪಿನ ಮಾತು. ಭದ್ರಾವತಿಯ ಒಬ್ಬ ಹುಡುಗಿ ಇಂಥದೇ ಒಂದು ಜಾಗಕ್ಕೆ ಸಂದರ್ಶನದಲ್ಲಿ ಆಯ್ಕೆಯಾಗಿದ್ದಳು. ದಾಖಲೆ ಪರಿಶೀಲನೆಯ ದಿನ ನೋಡಿದರೆ ಎಸ್ಸೆಸ್ಸೆಲ್ಸಿಯಲ್ಲಿ ಹೆಸರಿನ ಕೊನೆಗೆ ಬಾನು, ಪದವಿಯಲ್ಲಿ ಬೇಗಂ, ಆಧಾರ್‌ನಲ್ಲಿ ಎರಡೂ ಇಲ್ಲ. ಅಫಿಡವಿಟ್, ಗೆಜೆಟ್ ಎಂದು ಓಡಾಡುವಷ್ಟರಲ್ಲಿ ಕೊಟ್ಟ ಗಡುವು ಮುಗಿಯಿತು. ಕಾಯುವ ಪಟ್ಟಿಯಲ್ಲಿದ್ದವರನ್ನು ಕರೆದರು. ಈ ಗೋಜಲು ಶುರುವಾದದ್ದು ಎಲ್ಲಿ? ಒಂದನೇ ತರಗತಿಯ ದಾಖಲಾತಿ ಪುಸ್ತಕದಲ್ಲಿ. ಅದನ್ನು ಬರೆದವರು ನಾವು, ಮೇಷ್ಟ್ರುಗಳು. ಜೂನ್ ತಿಂಗಳ ಗದ್ದಲದಲ್ಲಿ ತಾಯಿ ಹೇಳಿದ್ದು ಕಿವಿಗೆ ಬಿದ್ದ ಹಾಗೆ ಬರೆದೆವು. ಹುಟ್ಟಿದ ತಾರೀಖು ಗೊತ್ತಿಲ್ಲ ಎಂದರೆ ಜೂನ್ 1 ಎಂದು ಹಾಕಿ ಮುಂದಿನ ಮಗುವನ್ನು ಕರೆದೆವು. ಇಪ್ಪತ್ತು ವರ್ಷದ ನಂತರ ಅದು ಒಂದು ಹುಡುಗಿಯ ಜಾಗವನ್ನೇ ಕಳೆಯಬಹುದು ಎಂದು ನಮಗೆ ಹೊಳೆದಿರಲಿಲ್ಲ.

ಇನ್ನೊಂದು ಎಡವಟ್ಟು ಮೀಸಲಾತಿಯ ಪ್ರಮಾಣಪತ್ರದ್ದು. ರಾಜ್ಯದ 2ಬಿ ಪತ್ರವನ್ನು ಕೇಂದ್ರದ ಅರ್ಜಿಗೆ ಲಗತ್ತಿಸಿದರೆ ನಡೆಯುವುದಿಲ್ಲ. ಕೇಂದ್ರದ ಒಬಿಸಿ ಪತ್ರದ ನಮೂನೆಯೇ ಬೇರೆ, ಮತ್ತು ಆ ಪಟ್ಟಿಯಲ್ಲಿ ನಮ್ಮ ಎಲ್ಲ ಪಂಗಡಗಳೂ ಇಲ್ಲ. ಮೊದಲು ಪಟ್ಟಿ ನೋಡಿ, ಆಮೇಲೆ ತಹಶೀಲ್ದಾರ್ ಕಚೇರಿಗೆ ಹೋಗಿ.

ದಾನಿಗಳಿಗೆ ಒಂದು ಮಾತು. ಅಲ್ಪಸಂಖ್ಯಾತರ ಪಿಎಚ್.ಡಿ.ಗೆಂದು 2009ರಲ್ಲಿ ಆರಂಭವಾದ ಮೌಲಾನಾ ಆಜಾದ್ ಫೆಲೋಶಿಪ್ ಅನ್ನು ಕೇಂದ್ರ 2022-23ರಿಂದ ನಿಲ್ಲಿಸಿತು. ಹಾಗಾಗಿ ನಮ್ಮ ಮಕ್ಕಳಿಗೆ ಸಾಮಾನ್ಯ ಸ್ಪರ್ಧೆಯ ಜಾಗಗಳೇ ಗತಿ. ಅಲ್ಲಿ ಆಯ್ಕೆಯಾದರೂ ಸರ್ಕಾರದ ಹಣ ಕಂತಿನಲ್ಲಿ ಬರುತ್ತದೆ. ಹಿಂದಿನ ಕಂತಿನ ಬಳಕೆ ಪ್ರಮಾಣಪತ್ರ ಹೋಗದೆ ಮುಂದಿನದು ಬಿಡುಗಡೆಯಾಗುವುದಿಲ್ಲ. ನಡುವೆ ಮೂರು ನಾಲ್ಕು ತಿಂಗಳು ಕೈ ಬರಿದು. ಹಾಸ್ಟೆಲ್, ಮೆಸ್ ಬಾಕಿ ನಿಂತಾಗ ಮನೆಯವರು "ಸಾಕು, ವಾಪಸ್ ಬಾ" ಎನ್ನುತ್ತಾರೆ, ಹೆಣ್ಣುಮಕ್ಕಳಿಗೆ ಇನ್ನೂ ಬೇಗ. ಮೆಡಿಕಲ್ ಸೀಟಿಗೆ ಕೊಡಲು ನೀವು ಹಿಂದೆಮುಂದೆ ನೋಡುವುದಿಲ್ಲ, ಈ ನಾಲ್ಕು ತಿಂಗಳಿಗೂ ಕೊಡಿ ಎಂದು ಕೇಳುತ್ತಿದ್ದೇವೆ. ಇದು ಕರ್ಜೆ ಹಸನಾ: ಬಡ್ಡಿಯಿಲ್ಲ, ಫೆಲೋಶಿಪ್ ಹಣ ಬಂದ ಮೇಲೆ ವಾಪಸ್, ಆಮೇಲೆ ಇನ್ನೊಬ್ಬರಿಗೆ. ಜಕಾತ್ ಹಣವನ್ನು ಇದರಲ್ಲಿ ಬೆರೆಸುವುದಿಲ್ಲ, ಆ ಖಾತೆ ಬೇರೆ.

ಒಂಬತ್ತನೇ ತರಗತಿಯ ಮಕ್ಕಳು ಇಸ್ರೋದ ಯುವಿಕಾ ಶಿಬಿರಕ್ಕೆ ಅರ್ಜಿ ಹಾಕಬಹುದು. 2019ರಲ್ಲಿ ಶುರುವಾದದ್ದು. ಪ್ರಯಾಣ, ಊಟ, ವಸತಿ ಎಲ್ಲ ಇಸ್ರೋದ್ದೇ. ಎಂಟನೇ ತರಗತಿಯ ಅಂಕಗಳನ್ನೂ ನೋಡುತ್ತಾರೆ, ಆದ್ದರಿಂದ ಈಗ ಎಂಟರಲ್ಲಿರುವವರು ಇದನ್ನು ಕೇಳಿಸಿಕೊಳ್ಳಿ.

ಇವತ್ತು ಊಟಕ್ಕೆ ಮೊದಲು ಎಂಟು, ಒಂಬತ್ತನೇ ತರಗತಿಯವರ ತಂದೆತಾಯಂದಿರು ಬಾಗಿಲ ಪಕ್ಕದ ಮೇಜಿಗೆ ಬನ್ನಿ. ಆಧಾರ್, ಜನನ ಪ್ರಮಾಣಪತ್ರ, ಶಾಲೆಯ ದಾಖಲಾತಿಯ ಪ್ರತಿ ಮೂರನ್ನೂ ಪಕ್ಕಪಕ್ಕ ಇಟ್ಟು ಅಕ್ಷರ ಅಕ್ಷರ ಓದೋಣ. ಎಸ್ಸೆಸ್ಸೆಲ್ಸಿ ಆಗುವ ಮೊದಲು ತಿದ್ದುವುದು ಸುಲಭ, ಆಮೇಲೆ ಕಷ್ಟ. ನಾವು ಕನ್ನಡಕ ತಂದಿದ್ದೇವೆ. ಆ ಭದ್ರಾವತಿಯ ಹುಡುಗಿಯೂ ನಮ್ಮ ಜೊತೆ ಮೇಜಿನಲ್ಲಿ ಕೂರುತ್ತಾಳೆ. ಹೆಸರು ತಿದ್ದಿಸಿಕೊಂಡಾಗಿದೆ, ಈ ಸಲ ಮತ್ತೆ ಅರ್ಜಿ ಹಾಕಿದ್ದಾಳೆ.