ನಾಟಕಮಂದಿರದ ಜೀರ್ಣೋದ್ಧಾರ



ಜೀರ್ಣೋದ್ಧಾರವೆಂದೊಡನೆ ನಿಮಗೆ ಗುಡಿಯ ಗೋಪುರ, ಕೆರೆಯ ಏರಿ, ಮಠದ ಮಾಳಿಗೆ ನೆನಪಾಗುತ್ತವೆ. ಇಂದು ನಾವು ಒಂದು ನಾಟಕಮಂದಿರದ ಜೀರ್ಣೋದ್ಧಾರದ ವಿಷಯವಾಗಿ ನಾಲ್ಕು ಮಾತು ಹೇಳಬೇಕೆಂದಿದ್ದೇವೆ. ಮಠದಲ್ಲಿ ನಾಟಕದ ಮಾತೇಕೆ ಎಂದು ಯಾರೂ ಸಂಶಯಪಡಬೇಕಾಗಿಲ್ಲ. ಅನುಭವ ಮಂಟಪದ ಶರಣರಲ್ಲಿ ಬಹುರೂಪಿ ಚೌಡಯ್ಯನವರಿದ್ದರು. ವೇಷ ಹಾಕಿ ಆಡುವುದೇ ಅವರ ಕಾಯಕ. ಆ ಕಾಯಕವನ್ನು ಬಿಟ್ಟು ಬಾ ಎಂದು ಬಸವಣ್ಣನವರು ಹೇಳಲಿಲ್ಲ. ಕಾಯಕದೊಡನೆಯೇ ಅವರನ್ನು ಶರಣರ ಸಾಲಿನಲ್ಲಿ ಕೂಡಿಸಿಕೊಂಡರು.

ಭರತಮುನಿಗಳ ನಾಟ್ಯಶಾಸ್ತ್ರದ ಮೊದಲ ಅಧ್ಯಾಯದಲ್ಲಿ ಒಂದು ಪ್ರಸಂಗವಿದೆ. ಮೊಟ್ಟಮೊದಲ ನಾಟಕ ನಡೆಯುತ್ತಿರುವಾಗ ವಿಘ್ನಗಳು ಬಂದೆರಗಿ ನಟರ ಮಾತು, ಚಲನೆ, ನೆನಪು ಎಲ್ಲವನ್ನೂ ಸ್ತಂಭನಗೊಳಿಸಿದವು. ಆಗ ಬ್ರಹ್ಮನು ವಿಶ್ವಕರ್ಮನನ್ನು ಕರೆದು ನಾಟ್ಯಗೃಹವನ್ನು ಕಟ್ಟೆಂದು ಆಜ್ಞಾಪಿಸಿದನು. ನೋಡಿರಿ, ಆಟ ಮೊದಲು ಹುಟ್ಟಿತು, ಅದರ ರಕ್ಷಣೆಗಾಗಿ ಮನೆ ಆಮೇಲೆ ಬಂದಿತು. ಈ ಕ್ರಮವನ್ನು ಮನಸ್ಸಿನಲ್ಲಿಟ್ಟುಕೊಳ್ಳಿರಿ.

ನಿಮ್ಮಲ್ಲಿ ಎಷ್ಟೋ ಜನ ಮಹಾಲಕ್ಷ್ಮಿಯ ದರ್ಶನಕ್ಕೆಂದು ಕೊಲ್ಹಾಪುರಕ್ಕೆ ಹೋಗಿ ಬಂದವರಿದ್ದೀರಿ. ಆ ಊರಿನ ನಡುವೆ, ಖಾಸಬಾಗ ಕುಸ್ತಿ ಮೈದಾನದ ಮಗ್ಗುಲಲ್ಲಿ, ಒಂದು ನಾಟಕಮಂದಿರವಿದೆ. ರಾಜರ್ಷಿ ಶಾಹು ಮಹಾರಾಜರು 1902ರಲ್ಲಿ ವಿಲಾಯತಿಗೆ ಹೋದಾಗ ಅಲ್ಲಿಯ ರಂಗಮಂದಿರಗಳನ್ನು ನೋಡಿದರು. ತಮ್ಮ ಪ್ರಜೆಗಳಿಗೂ ಅಂಥದೊಂದು ಇರಲೆಂದು 1913ರಲ್ಲಿ ಕಟ್ಟಡಕ್ಕೆ ಕೈಹಾಕಿ 1915ರಲ್ಲಿ ಮುಗಿಸಿದರು. ಆಗ ಅದಕ್ಕೆ ಪ್ಯಾಲೇಸ್ ಥಿಯೇಟರ್ ಎಂದು ಹೆಸರು. ಹಿಂದುಳಿದವರ ಮಕ್ಕಳಿಗೆ ವಸತಿಗೃಹಗಳನ್ನು ಕಟ್ಟಿಸಿದ, ನಮ್ಮ ಲಿಂಗಾಯತ ವಿದ್ಯಾರ್ಥಿಗಳಿಗೂ ನೆರಳು ಕೊಟ್ಟ ಆ ದೊರೆಗೆ ನಾಟಕವೂ ವಿದ್ಯೆಯೇ ಆಗಿತ್ತು.

ಮುಂದೆ ಆ ಮಂದಿರಕ್ಕೆ ನಟ ಕೇಶವರಾವ ಭೋಸಲೆಯವರ ಹೆಸರನ್ನಿಟ್ಟರು. ಕೊಲ್ಹಾಪುರದ ಬಡ ಮನೆಯ ಕೂಸು, ಚಿಕ್ಕಂದಿನಲ್ಲಿಯೇ ನಾಟಕ ಕಂಪನಿ ಸೇರಿದವರು. ಅವರು ತಮ್ಮ ಲಲಿತಕಲಾದರ್ಶ ಮಂಡಳಿಯನ್ನು ಸ್ಥಾಪಿಸಿದ್ದು ಎಲ್ಲಿ ಬಲ್ಲಿರಾ? ನಮ್ಮ ಹುಬ್ಬಳ್ಳಿಯಲ್ಲಿ, 1908ರಲ್ಲಿ. ಅದಕ್ಕೂ ಹಿಂದೆ, ಉತ್ತರ ಕನ್ನಡದ ಕರ್ಕಿಯ ಭಾಗವತ ಮೇಳದ ಆಟವನ್ನು ಸಾಂಗಲಿಯಲ್ಲಿ ಕಂಡ ಮೇಲೆಯೇ ವಿಷ್ಣುದಾಸ ಭಾವೆಯವರು 1843ರಲ್ಲಿ ಮರಾಠಿ ನಾಟಕವನ್ನು ಆಡಿಸಿದರು. ಭಾಷೆ ಎರಡಾದರೂ ಕೊಟ್ಟು ತೆಗೆದುಕೊಂಡ ನಂಟು ಒಂದೇ.

1921ರಲ್ಲಿ ತಿಲಕ ಸ್ವರಾಜ್ಯ ನಿಧಿಗೆಂದು ಕೇಶವರಾಯರೂ ಬಾಲಗಂಧರ್ವರೂ ಮುಂಬಯಿಯಲ್ಲಿ ಕೂಡಿ ಒಂದೇ ನಾಟಕದಲ್ಲಿ ಆಡಿದರು. ಇಬ್ಬರದೂ ಬೇರೆ ಬೇರೆ ಕಂಪನಿ, ಇಬ್ಬರಿಗೂ ಪೈಪೋಟಿ. ಆದರೂ ದೇಶಕಾರ್ಯ ಬಂದಾಗ ಪೈಪೋಟಿಯನ್ನು ಬದಿಗಿಟ್ಟರು. ಅದೇ ವರ್ಷ ಅಕ್ಟೋಬರದಲ್ಲಿ ಕೇಶವರಾಯರು ತೀರಿಕೊಂಡರು. ವಯಸ್ಸು ಕೇವಲ 31.

ಇಂಥ ಮಂದಿರಕ್ಕೆ 2024ರ ಆಗಸ್ಟ್ 8ರ ರಾತ್ರಿ ಬೆಂಕಿ ಬಿದ್ದಿತು. ಮರುದಿನವೇ ಕೇಶವರಾಯರ ಜಯಂತಿ. ರಂಗಸ್ಥಳ, ಛಾವಣಿ, ಕುರ್ಚಿಗಳು ಉರಿದುಹೋದವು. ಅಲ್ಲಿ ಬಣ್ಣ ಹಚ್ಚಿದ ಕಲಾವಿದರು ಬೂದಿಯ ಮುಂದೆ ನಿಂತು ಅತ್ತರು. ಮೊದಲಿದ್ದ ರೂಪದಲ್ಲಿಯೇ ಅದನ್ನು ಮರಳಿ ಎತ್ತಬೇಕೆಂದು ಊರವರು ಹಟ ಹಿಡಿದರು, ಸರಕಾರವೂ ಒಪ್ಪಿ ಹಣ ಒದಗಿಸಿತು, ಕೆಲಸವೂ ಮೊದಲಾಯಿತು.

ಹೊಸದನ್ನು ಕಟ್ಟುವುದಕ್ಕಿಂತ ಜೀರ್ಣವಾದುದನ್ನು ಉದ್ಧರಿಸುವುದು ಹೆಚ್ಚಿನ ಪುಣ್ಯವೆಂದು ಹಿರಿಯರು ಹೇಳುತ್ತಾರೆ. ಅದು ದಿಟ. ಆದರೆ ಜೀರ್ಣವಾಗುವುದು ಕಲ್ಲು-ಮರ ಮಾತ್ರವೇ? ಬೆಂಕಿಯಿಂದ ಸುಟ್ಟದ್ದನ್ನು ಬಡಗಿ, ಗೌಂಡಿ ಸರಿಮಾಡುತ್ತಾರೆ. ಅಸಡ್ಡೆಯಿಂದ ಸುಟ್ಟದ್ದನ್ನು ಸರಿಮಾಡುವವರಾರು? ಗುಡಿಗೆ ಬಂಗಾರದ ಕಳಸವಿಟ್ಟು ಒಳಗೆ ದೀಪ ಹಚ್ಚದಿದ್ದರೆ ಏನಾದೀತು? ರಂಗಮಂದಿರವೂ ಹಾಗೆಯೇ. ಆಡುವವರಿಲ್ಲದೆ, ನೋಡುವವರಿಲ್ಲದೆ ನಿಂತ ಮಂದಿರ, ಬೆಂಕಿ ತಗಲದಿದ್ದರೂ ಸುಟ್ಟ ಮನೆಯೇ ಸರಿ.

ನಿಮ್ಮ ನಿಮ್ಮ ಊರುಗಳಲ್ಲಿ ಅಜ್ಜಂದಿರು ಕಟ್ಟಿದ ನಾಟಕದ ಕಟ್ಟೆಗಳಿವೆ. ಜಾತ್ರೆಗೆ ಬರುವ ಕಂಪನಿಗಳ ಡೇರೆಗಳಲ್ಲಿ ಬಡ ಕಲಾವಿದರು ಖಾಲಿ ಚಾಪೆಗಳ ಮುಂದೆ ಹಾಡುತ್ತಿದ್ದಾರೆ. ದೇಣಿಗೆಯ ಚೀಟಿ ಹರಿಸಿ ಕೈತೊಳೆದುಕೊಳ್ಳಬೇಡಿರಿ. ಮನೆಮಂದಿಯೆಲ್ಲ ಹೋಗಿ ಮುಂದೆ ಕುಳಿತುಕೊಳ್ಳಿರಿ, ಮಕ್ಕಳಿಗೂ ಒಂದು ಪಾತ್ರ ಕಲಿಸಿರಿ. ಧನ ಕೊಡುವುದು ಅರ್ಧ ದಾಸೋಹ, ತನು ಮನ ಸವೆಸಿದಾಗಲೇ ಅದು ಪೂರ್ಣವಾಗುತ್ತದೆ.

ಕೊಲ್ಹಾಪುರದ ಆ ರಂಗದಲ್ಲಿ ಬೆಳಗುವ ದೀಪ ನಂದದಿರಲಿ, ನಿಮ್ಮೂರಿನ ಕಟ್ಟೆಯ ಮೇಲೆಯೂ ದೀಪ ಹತ್ತಲಿ ಎಂದು ಹರಸಿ ನಮ್ಮ ಮಾತನ್ನು ಮುಗಿಸುತ್ತೇವೆ. ಸರ್ವರಿಗೂ ಸನ್ಮಂಗಳವಾಗಲಿ.